ಬ್ಯಾಟರಿ ಹಾಕಿದೆ, ಡಿಸ್ಕ್ ಕಾಣೆಯಾಯ್ತು

ಕೇಳುಗ ಬಂಧುಗಳೇ, ಶರಣು ಶರಣಾರ್ಥಿ.

ಕಲಬುರಗಿಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಅಂಥ ಬಿಸಿಲಲ್ಲೇ ನಮ್ಮ ಅಕ್ಕನ ಮಗಳ ಲ್ಯಾಪ್‌ಟಾಪ್ ಬ್ಯಾಟರಿ ಹಂಚಿನ ಮೇಲಿನ ಜೋಳದ ರೊಟ್ಟಿ ಹಾಗೆ ಉಬ್ಬಿತು. ಉಬ್ಬಿದ ಬ್ಯಾಟರಿ ಇಟ್ಟುಕೊಂಡು ಕೆಲಸ ಮಾಡಬಾರದು. ಚುಚ್ಚಲೂಬಾರದು, ಬೆಂಕಿ ಹತ್ತುವ ಭಯ ಇರುತ್ತದೆ. ಅದೇ ಮಾಡೆಲ್‌ಗೆ ಹೊಂದುವ ಹೊಸ ಬ್ಯಾಟರಿ ತರಿಸಿ ನಾನೇ ಹಾಕಿದೆ.

ಮುಚ್ಚಳ ಹಾಕಿ ಬಟನ್ ಒತ್ತಿದರೆ ಕಪ್ಪು ಪರದೆ. ‘ನೋ ಬೂಟಬಲ್ ಡಿವೈಸ್’. ಅಂದರೆ ವಿಂಡೋಸ್ ಇರುವ ಡಿಸ್ಕೇ ಸಿಗುತ್ತಿಲ್ಲ. ಆಳಂದ ಕಡೆಯ ಹಳ್ಳಿಗಳಲ್ಲಿ ತೊಗರಿ ಬೆಳೆಯುವವರನ್ನು ಮಾತನಾಡಿಸಿ ಅವಳು ಬರೆದಿದ್ದೆಲ್ಲ ಅದರೊಳಗಿತ್ತು. “ಮಾಮಾ, ಎಲ್ಲಾ ಹೋಯ್ತೇನು?” ಅಂದಳು.

ಒಂದು ಅಂಗಡಿಗೆ ಫೋನ್ ಮಾಡಿದೆ. “ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ” ಅಂದರು. ನೋಡದೇ ಹಾಗೆ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಬೆಳಿಗ್ಗೆ ಓಡುತ್ತಿದ್ದ ಡಿಸ್ಕ್ ಬ್ಯಾಟರಿ ಬದಲಿಸಿದ ಗಳಿಗೆಯಲ್ಲೇ ಸಾಯುವುದು ಅಪರೂಪ. ನಮ್ಮ ಕೈ ಎಲ್ಲಿ ತಾಗಿದೆ ಅಂತ ಮೊದಲು ನೋಡಬೇಕು, ಅಲ್ವಾ?

ಅದಕ್ಕೆ ಬಯಾಸ್ ತೆರೆಯಬೇಕು. ವಿಂಡೋಸ್ ಏಳುವ ಮೊದಲೇ ಯಂತ್ರ ತನ್ನ ಹತ್ತಿರ ಏನೇನಿದೆ ಅಂತ ಎಣಿಸಿಕೊಳ್ಳುವ ಜಾಗ ಅದು. ಆನ್ ಮಾಡಿದ ಕೂಡಲೇ ಎಫ್2 ಒತ್ತುತ್ತಾ ಇರಿ. ಕೆಲವದಕ್ಕೆ ಎಫ್10. ಅಲ್ಲಿ ಡಿಸ್ಕಿನ ಹೆಸರೇ ಇಲ್ಲದಿದ್ದರೆ ತಪ್ಪು ವಿಂಡೋಸ್‌ನದಲ್ಲ. ಆಗ ಸುಮ್ನೆ ಫಾರ್ಮ್ಯಾಟ್ ಅಂತ ಓಡಾಡಬೇಡಿ. ನಮ್ಮದರಲ್ಲಿ ಹೆಸರು ಇರಲಿಲ್ಲ.

ಚಾರ್ಜರ್ ಕಿತ್ತು, ಮತ್ತೆ ಬಿಚ್ಚಿ, ಮೊದಲು ಬ್ಯಾಟರಿಯ ಪಿನ್ ತೆಗೆದೆ. ಬಣ್ಣ ಹಚ್ಚದ ಕಬ್ಬಿಣ ಮುಟ್ಟಿ ಮೈಯಲ್ಲಿನ ಕರೆಂಟು ಇಳಿಸಿಕೊಂಡೆ. ಟಾರ್ಚ್ ಹಿಡಿದು ನೋಡಿದರೆ, ಹಾರ್ಡ್‌ಡಿಸ್ಕಿನಿಂದ ಬೋರ್ಡಿಗೆ ಹೋಗುವ ತೆಳ್ಳನೆಯ ಪಟ್ಟಿ ಕೇಬಲ್ ಬ್ಯಾಟರಿಯ ಪಕ್ಕದಲ್ಲೇ ಇದೆ. ಅದನ್ನು ಹಿಡಿದಿರುವ ಕರಿ ಕೊಂಡಿ ಉಗುರಿನಷ್ಟೂ ಇಲ್ಲ. ಅದು ಮೇಲೆದ್ದಿತ್ತು. ಕೇಬಲ್ ಒಂದು ಕಡೆ ಕೂದಲೆಳೆಯಷ್ಟು ಹೊರಗೆ ಸರಿದಿತ್ತು. ಹಳೆಯ ಬ್ಯಾಟರಿ ಎತ್ತುವಾಗ ನನ್ನ ಬೆರಳೇ ತಾಗಿರಬೇಕು. ಕೇಬಲ್ ನೇರ ಕೂಡಿಸಿ ಕೊಂಡಿ ಒತ್ತಿದೆ. ಹಾರ್ಡ್‌ಡಿಸ್ಕಿನ ಬದಲು ಎಂ.2 ಎಸ್‌ಎಸ್‌ಡಿ, ಅಂದರೆ ಬೋರ್ಡಿಗೇ ಸಿಕ್ಕಿಸುವ ಪಟ್ಟಿಯಂಥ ಡಿಸ್ಕ್, ಇರುವವರು ಅದನ್ನು ಬಿಚ್ಚಿ, ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಮಲಗಿಸಿ ಸ್ಕ್ರೂ ಹಾಕಿ. 22 ಮಿಲಿಮೀಟರ್ ಅಗಲದ ಆ ಪಟ್ಟಿಯನ್ನು ಹಿಡಿದಿಡುವುದು ಒಂದೇ ಸ್ಕ್ರೂ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಬೋರ್ಡೇ ಹಾಳಾಗಬಹುದು, ಜೋಪಾನ.

ಬಯಾಸ್‌ನಲ್ಲಿ ಹೆಸರು ಬಂತು. ಆದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತಿತು. ಬ್ಯಾಟರಿ ಪೂರ್ತಿ ತೆಗೆದಾಗ ಕೆಲವು ಲ್ಯಾಪ್‌ಟಾಪ್‌ಗಳು ಬಯಾಸ್ ಸೆಟ್ಟಿಂಗ್ ಮರೆಯುತ್ತವೆ. ಡಿಸ್ಕಿನ ಜೊತೆ ಯಂತ್ರ ಯಾವ ರೀತಿ ಮಾತಾಡಬೇಕು ಅಂತ ಹೇಳುವ ಸಾಟಾ ಅನ್ನುವ ಸಾಲಿನಲ್ಲಿ ಮೊದಲು ರೇಡ್ ಅನ್ನುವ ರೀತಿ ಇದ್ದದ್ದು ಎಎಚ್‌ಸಿಐ ಅನ್ನುವ ಬೇರೆ ರೀತಿಗೆ ಬದಲಾಗಿತ್ತು. ಮೊದಲಿನ ಹಾಗೇ ಮಾಡಿದೆ. ಹೀಗೆ ಬದಲಾದಾಗ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗವಾದ ಬಿಟ್‌ಲಾಕರ್‌ನ 48 ಅಂಕಿಗಳ ಕೀ ಕೇಳುವುದೂ ಉಂಟು. ಲ್ಯಾಪ್‌ಟಾಪ್ ಬಿಚ್ಚುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ.

ಈ ಸಲ ವಿಂಡೋಸ್ ಎದ್ದಿತು. ಅಕ್ಕ ಊಟಕ್ಕೆ ಕರೆದರೂ ಹುಡುಗಿ ಏಳಲಿಲ್ಲ. ಪೆನ್‌ಡ್ರೈವ್ ಚುಚ್ಚಿ ಒಂದೊಂದೇ ಹಳ್ಳಿಯ ಫೋಲ್ಡರ್ ನಕಲು ಮಾಡುತ್ತಾ ಕುಳಿತಳು.

ನಮಸ್ಕಾರ.