ಪಿಚ್ಚರ್ ಹೆಂಗಿತ್ತು? ಅರ್ಧ ಉತ್ತರ ಟಾಕೀಸಿನದು

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ದೊಡ್ಡ ವಿಮರ್ಶೆಗಳ ಬಗ್ಗೆ ಮಾತಾಡುವುದಿಲ್ಲ. ಶೋ ಬಿಟ್ಟ ಮೇಲೆ ಮೆಟ್ಟಿಲು ಇಳಿಯುತ್ತಾ, ಬೈಕ್ ಸ್ಟ್ಯಾಂಡಿನಲ್ಲಿ ಚೀಟಿ ಹುಡುಕುತ್ತಾ ನಾವು ಆಡುವ ಮಾತಿದೆಯಲ್ಲ, ಅದರ ಬಗ್ಗೆ ಹೇಳಬೇಕು ಅನಿಸಿದೆ. "ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಎಳೆದಿದ್ದಾರೆ." "ಒಂದ್ಸಲ ನೋಡಬಹುದು." "ಮಾತೇ ಕೇಳಲ್ಲ ಕಣೋ, ಬರೀ ಮ್ಯೂಸಿಕ್ಕು." "ಮನೆಯವರನ್ನ ಕರ್ಕೊಂಡು ಹೋಗು, ಪರವಾಗಿಲ್ಲ." ಈ ಮಾತುಗಳಿಗೆ ತುಂಬ ಬೆಲೆ ಇದೆ ಅಂತ ನಾನು ನಂಬಿದ್ದೇನೆ. ಇವನ್ನು ಹೇಳುವವರಿಗೆ ಯಾರೂ ದುಡ್ಡು ಕೊಟ್ಟಿರುವುದಿಲ್ಲ. ಅವರೇ ದುಡ್ಡು ಕೊಟ್ಟು ನೋಡಿ ಬಂದಿರುತ್ತಾರೆ.

ಆದರೆ ಇದರಲ್ಲಿ ಒಂದು ವಿಷಯವನ್ನು ನಾವು ಯಾವಾಗಲೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿನಿಮಾ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳುತ್ತೇವಲ್ಲ, ಅದರಲ್ಲಿ ಅರ್ಧ ಆ ಸಿನಿಮಾದ್ದು, ಉಳಿದರ್ಧ ನಾವು ಕೂತು ನೋಡಿದ ಟಾಕೀಸಿನದು. ಇದನ್ನು ಸುಮ್ನೆ ಹೇಳುತ್ತಿಲ್ಲ, ಉದಾಹರಣೆ ಕೊಡುತ್ತೇನೆ.

ಮೊದಲು ಆ "ಮಾತೇ ಕೇಳಲ್ಲ" ಅನ್ನುವುದನ್ನೇ ತೆಗೆದುಕೊಳ್ಳಿ. ಥಿಯೇಟರಿನಲ್ಲಿ ಪಾತ್ರಗಳ ಮಾತು ಬಹುಪಾಲು ಬರುವುದು ಪರದೆಯ ಹಿಂದೆ ನಡುವಿನಲ್ಲಿ ಇಟ್ಟಿರುವ ಸ್ಪೀಕರಿನಿಂದ. ಅದಕ್ಕೇ ಪರದೆಯಲ್ಲಿ ಸಣ್ಣ ಸಣ್ಣ ತೂತು ಇರುತ್ತವೆ, ಸದ್ದು ಅದರ ಮೂಲಕ ಹೊರಗೆ ಬರಬೇಕು. ಮ್ಯೂಸಿಕ್ಕು ಎಡಬಲದಿಂದ, ಗೋಡೆಗಳಿಂದ, ಹಿಂದಿನಿಂದ ಎಲ್ಲ ಕಡೆ ಬರುತ್ತದೆ. ನಡುವಿನ ಆ ಒಂದು ಸ್ಪೀಕರ್ ಹಳೆಯದಾಗಿ ಹಾಳಾದರೆ ಹಾಡು ಚೆನ್ನಾಗಿಯೇ ಕೇಳುತ್ತದೆ, ಫೈಟು ಚೆನ್ನಾಗಿಯೇ ಕೇಳುತ್ತದೆ, ಮಾತು ಮಾತ್ರ ಬಾಯಲ್ಲಿ ಬಟ್ಟೆ ಇಟ್ಟುಕೊಂಡು ಮಾತಾಡಿದ ಹಾಗೆ ಬರುತ್ತದೆ. ಇನ್ನೊಂದು ವಿಷಯ. ಸಿನಿಮಾದ ಸೌಂಡ್ ಮಿಕ್ಸ್ ಮಾಡುವವರು ವಾಲ್ಯೂಮ್ ಅಳತೆಯನ್ನು 7ಕ್ಕೆ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಥಿಯೇಟರಿನಲ್ಲೂ ಅದೇ 7ಕ್ಕೆ ಇಟ್ಟರೆ ಅವರು ಕೇಳಿದ್ದನ್ನೇ ನಾವೂ ಕೇಳುತ್ತೇವೆ. ಆದರೆ ಎಷ್ಟೋ ಕಡೆ 5ಕ್ಕೆ ಇಳಿಸಿರುತ್ತಾರೆ, ಕೆಲವು ಕಡೆ ಅದಕ್ಕಿಂತ ಕಡಿಮೆ. ಯಾರೋ ಒಬ್ಬರು ಕಿವಿ ನೋಯುತ್ತೆ ಅಂದಿರುತ್ತಾರೆ, ಇಲ್ಲ ಸ್ಪೀಕರ್ ಒಡೆದು ಹೋಗುತ್ತೆ ಅನ್ನುವ ಭಯ ಇರುತ್ತದೆ. ಆಗ ಪಿಸುಮಾತು ಕೇಳುವುದೇ ಇಲ್ಲ. ನಾವು ಹೊರಗೆ ಬಂದು "ಡೈಲಾಗ್ ವೀಕು" ಅನ್ನುತ್ತೇವೆ. ಡೈಲಾಗ್ ಬರೆದವನ ತಪ್ಪೇನಿದೆ ಹೇಳಿ?

ಬೆಳಕಿನ ಕಥೆಯೂ ಇದೇ. ಪ್ರೊಜೆಕ್ಟರಿನ ಝೆನಾನ್ ಲ್ಯಾಂಪು ಉರಿಯುತ್ತಾ ಉರಿಯುತ್ತಾ ಮಂಕಾಗುತ್ತದೆ. ಇಷ್ಟು ಗಂಟೆ ಆದ ಮೇಲೆ ಬದಲಾಯಿಸಬೇಕು ಅಂತ ಇರುತ್ತದೆ, ಆದರೆ ಅದು ದುಬಾರಿ, ಹಾಗಾಗಿ ಇನ್ನೊಂದು ತಿಂಗಳು ಓಡಲಿ ಅಂತ ಬಿಡುತ್ತಾರೆ. ತ್ರೀಡಿಗೆ ಅಂತ ಹಾಕಿಸಿದ ಬೆಳ್ಳಿ ಪರದೆ ಇದ್ದರಂತೂ ನಡುವೆ ಕೂತವರಿಗೆ ಜಾಸ್ತಿ ಬೆಳಕು, ಮೂಲೆಯಲ್ಲಿ ಕೂತವರಿಗೆ ಕಡಿಮೆ ಬೆಳಕು. ಈಗಿನ ಸಿನಿಮಾಗಳಲ್ಲಿ ಕತ್ತಲೆಯ ದೃಶ್ಯ ಜಾಸ್ತಿ. ರಾತ್ರಿ ಕಾಡಿನಲ್ಲಿ ಓಡುವುದು, ಮಳೆಯಲ್ಲಿ ಹೊಡೆದಾಡುವುದು. ಮಂಕು ಲ್ಯಾಂಪಿನಲ್ಲಿ ಅದೆಲ್ಲ ಬರೀ ಕಪ್ಪು. ಯಾರು ಯಾರಿಗೆ ಹೊಡೆದರು ಅಂತಲೇ ಗೊತ್ತಾಗುವುದಿಲ್ಲ. ಒಂದೇ ವಾರದಲ್ಲಿ ಒಂದೇ ಸಿನಿಮಾವನ್ನು ಎರಡು ಬೇರೆ ಥಿಯೇಟರಿನಲ್ಲಿ ನೋಡಿದವರನ್ನು ಎದುರುಬದುರು ಕೂರಿಸಿ, ಇಬ್ಬರೂ ಜಗಳ ಆಡುತ್ತಾರೆ, ಇಬ್ಬರೂ ಹೇಳುವುದು ನಿಜವೇ ಆಗಿರುತ್ತದೆ.

ಇನ್ನು ಇಂಟರ್ವಲ್. ನಮ್ಮ ಬಾಯಿಂದ ಬರುವ ಮೊದಲ ಮಾತೇ ಫಸ್ಟ್ ಹಾಫ್, ಸೆಕೆಂಡ್ ಹಾಫ್, ಅಲ್ವಾ? ನಮ್ಮ ಸಿನಿಮಾ ಬರೆಯುವವರು ಇಂಟರ್ವಲ್‌ಗೆ ಒಂದು ದೊಡ್ಡ ತಿರುವು ಇಟ್ಟು ಬರೆಯುತ್ತಾರೆ. ನಾವು ಹೊರಗೆ ಹೋಗಿ ಕಾಫಿ ಕುಡಿಯುತ್ತಾ, ಪಾಪ್‌ಕಾರ್ನ್ ತಿನ್ನುತ್ತಾ ಮುಂದೇನಾಗಬಹುದು ಅಂತ ಮಾತಾಡಿಕೊಳ್ಳುತ್ತೇವೆ. ಆ ಹತ್ತು ಹದಿನೈದು ನಿಮಿಷದಲ್ಲಿ ಅರ್ಧ ಅಭಿಪ್ರಾಯ ತಯಾರಾಗುತ್ತದೆ. ಇಂಗ್ಲಿಷ್ ಸಿನಿಮಾಗಳನ್ನು ಇಂಟರ್ವಲ್ ಇಟ್ಟುಕೊಂಡು ಮಾಡಿರುವುದಿಲ್ಲ, ಆದರೂ ನಮ್ಮ ಥಿಯೇಟರಿನಲ್ಲಿ ಎಲ್ಲೋ ಒಂದು ಕಡೆ, ಕೆಲವೊಮ್ಮೆ ಒಂದು ಮಾತು ಮುಗಿಯುವ ಮೊದಲೇ, ಲೈಟ್ ಹಾಕಿಬಿಡುತ್ತಾರೆ. ಆಮೇಲೆ ಆ ಸಿನಿಮಾ ಮತ್ತೆ ಹಿಡಿತಕ್ಕೆ ಬರುವುದು ಕಷ್ಟ. ನನಗೆ ಇದು ನಿಜವಾಗಿಯೂ ಬೇಸರ ತರುತ್ತದೆ. ಕನಿಷ್ಠ ದೃಶ್ಯ ಮುಗಿಯುವವರೆಗಾದರೂ ಕಾಯಬಹುದು.

ಎಲ್ಲಕ್ಕಿಂತ ದೊಡ್ಡದು ಜನ. ಬೆಂಗಳೂರಿನ ಕೆಂಪೇಗೌಡ ರಸ್ತೆ ನೆನಪು ಮಾಡಿಕೊಳ್ಳಿ. ಮೆಜೆಸ್ಟಿಕ್ ಅನ್ನುವ ಹೆಸರೇ ಅಲ್ಲಿದ್ದ ಒಂದು ಥಿಯೇಟರಿನಿಂದ ಬಂದದ್ದು. ಅದು ಹೋದರೂ ಬಸ್ಸಿನವರು ಇವತ್ತಿಗೂ "ಮೆಜೆಸ್ಟಿಕ್ ಮೆಜೆಸ್ಟಿಕ್" ಅಂತಲೇ ಕೂಗುತ್ತಾರೆ. ಸಂತೋಷ್, ಅದರ ಮೇಲೆ ನರ್ತಕಿ, ಪಕ್ಕದಲ್ಲಿ ಸಪ್ನಾ, ಆಚೆ ಅನುಪಮ, ಮೇನಕಾ. ಹೊಸ ಕನ್ನಡ ಸಿನಿಮಾ ಬಂದರೆ ಅಲ್ಲಿ ಒಂದು ಮೇನ್ ಥಿಯೇಟರ್ ಇರಲೇಬೇಕು. ಶುಕ್ರವಾರದ ಮೊದಲ ಶೋ ನೋಡಿದವನಿಗೆ ಕಟೌಟು, ತಮಟೆ, ಪಟಾಕಿ, ಹೀರೋ ಎಂಟ್ರಿಗೆ ಹಾರುವ ಪೇಪರ್ ಚೂರು, ಇವೆಲ್ಲ ಸೇರಿ ಒಂದು ಸಿನಿಮಾ. ಅದೇ ಸಿನಿಮಾವನ್ನು ಮಂಗಳವಾರ ಮ್ಯಾಟಿನಿಗೆ ಹೋಗಿ, ಹಿಂದೆ ಮುಂದೆ ಖಾಲಿ ಸೀಟು ಇಟ್ಟುಕೊಂಡು ನೋಡಿದವನದು ಇನ್ನೊಂದು. ಕಾಮಿಡಿಗೆ ಇದು ಜಾಸ್ತಿ ಅನ್ವಯ. ಮುನ್ನೂರು ಜನ ನಕ್ಕರೆ ಸಾಧಾರಣ ಜೋಕೂ ನಗಿಸುತ್ತದೆ, ಹತ್ತು ಜನರ ನಡುವೆ ಒಳ್ಳೆಯ ಜೋಕೂ ಬಿದ್ದುಹೋಗುತ್ತದೆ. ಹಾಗಾಗಿಯೇ ಶುಕ್ರವಾರದ ಮಾತನ್ನು ಸಿನಿಮಾ ವ್ಯಾಪಾರದವರೂ ಪೂರ್ತಿ ನಂಬುವುದಿಲ್ಲ. ಸೋಮವಾರದ ಕಲೆಕ್ಷನ್ ನೋಡುತ್ತಾರೆ. ಸೋಮವಾರ ಬಂದವರು ಅಭಿಮಾನಕ್ಕೆ ಬಂದವರಲ್ಲ, ಯಾರೋ ಹೇಳಿದ್ದು ಕೇಳಿ ಬಂದವರು.

ಹಾಗೆ ಬಾಯಿಂದ ಬಾಯಿಗೆ ಹೋದ ಮಾತು ಏನು ಮಾಡಬಲ್ಲದು ಅನ್ನುವುದನ್ನು ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. 1972ರ ಬಂಗಾರದ ಮನುಷ್ಯ ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿತು. 2006ರ ಡಿಸೆಂಬರ್ ಕೊನೆಯಲ್ಲಿ ಬಂದ ಮುಂಗಾರು ಮಳೆ ಒಂದು ವರ್ಷಕ್ಕೂ ಹೆಚ್ಚು ನಡೆಯಿತು, ಅದೂ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ. ಅದರಲ್ಲಿ ಆಗಿನ ದೊಡ್ಡ ಹೀರೋ ಯಾರೂ ಇರಲಿಲ್ಲ. ನೋಡಿದವರು ಇನ್ನೊಬ್ಬರಿಗೆ ಹೇಳಿದರು, ಅಷ್ಟೇ. ಕಾಲೇಜಿನ ಹುಡುಗ ಮನೆಗೆ ಹೋಗಿ ಅಕ್ಕನಿಗೆ ಹೇಳಿದ, ಅಕ್ಕ ಆಫೀಸಿನಲ್ಲಿ ಹೇಳಿದಳು.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಟಿಕೆಟ್ ದರ ನಮ್ಮ ಅಭಿಪ್ರಾಯವನ್ನು ಬದಲಾಯಿಸುತ್ತದೆ. ಊರಿನ ಥಿಯೇಟರಿನಲ್ಲಿ ನೂರೋ ನೂರೈವತ್ತೋ ಕೊಟ್ಟು ನೋಡಿದ ಸಿನಿಮಾ ಸಾಧಾರಣವಾಗಿದ್ದರೆ "ಒಂದ್ಸಲ ನೋಡಬಹುದು" ಅನ್ನುತ್ತೇವೆ. ಅದನ್ನೇ ಶನಿವಾರ ಸಂಜೆ ಮಾಲಿನಲ್ಲಿ, ನಾಲ್ಕು ಜನರ ಟಿಕೆಟ್ಟು, ಪಾಪ್‌ಕಾರ್ನು, ಪಾರ್ಕಿಂಗು ಎಲ್ಲ ಸೇರಿ ಎರಡು ಸಾವಿರ ಖರ್ಚು ಮಾಡಿ ನೋಡಿದರೆ "ವೇಸ್ಟು" ಅನ್ನುತ್ತೇವೆ. ಸಿನಿಮಾ ಬದಲಾಗಿಲ್ಲ. ಹೊಸ ನಿರ್ದೇಶಕರಿಗೆ, ಸಣ್ಣ ಸಿನಿಮಾಗಳಿಗೆ ಇದರಿಂದ ಆಗುವ ಏಟು ದೊಡ್ಡದು. ಜನ ಅಷ್ಟು ದುಡ್ಡು ಹಾಕುವುದಾದರೆ ಗೊತ್ತಿರುವ ಹೀರೋಗೇ ಹಾಕುತ್ತಾರೆ, ಉಳಿದದ್ದು ಓಟಿಟಿಗೆ ಬರಲಿ ಅನ್ನುತ್ತಾರೆ. ಕರ್ನಾಟಕ ಸರ್ಕಾರ 2025ರ ಬಜೆಟ್‌ನಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕುತ್ತೇವೆ ಅಂತ ಹೇಳಿತು, ಸೆಪ್ಟೆಂಬರ್‌ನಲ್ಲಿ ಆದೇಶವೂ ಬಂತು, ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಮಿತಿ ಬೇಕು ಅನ್ನುವವರ ಕಡೆ ನಾನು ಇದ್ದೇನೆ. ಮಲ್ಟಿಪ್ಲೆಕ್ಸಿನವರಿಗೆ ಖರ್ಚಿದೆ, ಒಪ್ಪುತ್ತೇನೆ. ಆದರೆ ಸಿನಿಮಾ ಅನ್ನುವುದು ಆಟೋ ಓಡಿಸುವವರೂ ಗಾರ್ಮೆಂಟ್ಸ್ ಹೆಣ್ಣುಮಕ್ಕಳೂ ಬಂದು ನೋಡಿ ಅಭಿಪ್ರಾಯ ಹೇಳುವಂತಿರಬೇಕು. ಗಾಂಧಿ ಕ್ಲಾಸಿನಲ್ಲಿ, ಅಂದರೆ ಪರದೆಯ ಹತ್ತಿರದ ಅಗ್ಗದ ಸೀಟಿನಲ್ಲಿ, ಕೂತವರು ಹೊಡೆದ ಶಿಳ್ಳೆಯೇ ಎಷ್ಟೋ ನಟರನ್ನು ಸ್ಟಾರ್ ಮಾಡಿದ್ದು.

ಆ ಜಾಗಗಳೇ ಈಗ ಕಡಿಮೆ ಆಗುತ್ತಿವೆ. ಬೆಂಗಳೂರಿನಲ್ಲಿ 1936ರಲ್ಲಿ ಶುರುವಾದ ಎಂ.ಜಿ. ರಸ್ತೆಯ ಪ್ಲಾಜಾ ಇಲ್ಲ. 1968ರಲ್ಲಿ ದೊಡ್ಡ ಪರದೆಯ ಸಿನಿಮಾಗಳಿಗೆ ಅಂತಲೇ ಕಟ್ಟಿದ ಕಪಾಲಿಯನ್ನು ಕೆಡವಿದರು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಬಾಗಿಲು ಹಾಕಿತು. ಮೈಸೂರಿನ ಶಾಂತಲಾ ಕೋವಿಡ್ ಬಂದ 2020ರಲ್ಲೇ ಮುಚ್ಚಿತು. ಜಾಗದ ಬೆಲೆ ಏರಿತು, ಫೋನಿನಲ್ಲಿ ಸಿನಿಮಾ ಬಂತು, ಇವು ಎಲ್ಲರಿಗೂ ಗೊತ್ತಿರುವ ಕಾರಣ. ಗೊತ್ತಿಲ್ಲದ ಕಾರಣ ಒಂದಿದೆ, ಅದು ಬಾಡಿಗೆ ಪದ್ಧತಿ. ಮಲ್ಟಿಪ್ಲೆಕ್ಸಿನಲ್ಲಿ ಬಂದ ಕಲೆಕ್ಷನ್ನನ್ನು ಶೇಕಡಾವಾರು ಹಂಚಿಕೊಳ್ಳುತ್ತಾರೆ. ನಮ್ಮ ಒಂಟಿ ಪರದೆಯ ಥಿಯೇಟರುಗಳಲ್ಲಿ ಮಾತ್ರ ಸಿನಿಮಾದವರು ವಾರಕ್ಕೆ ಇಷ್ಟು ಅಂತ ಬಾಡಿಗೆ ಕೊಟ್ಟು ನಡೆಸುವುದು ರೂಢಿ. ಜನ ಬರುತ್ತಿದ್ದಾಗ ಇದು ಮಾಲೀಕರಿಗೆ ನಿಶ್ಚಿಂತೆ. ಜನ ಕಡಿಮೆ ಆದಾಗ ಸಣ್ಣ ನಿರ್ಮಾಪಕ ಬಾಡಿಗೆ ಕೊಡಲಾರ, ಥಿಯೇಟರ್ ಖಾಲಿ ನಿಲ್ಲುತ್ತದೆ. ಸಿನಿಮಾ ಗೆದ್ದರೂ ಮಾಲೀಕನಿಗೆ ಅದೇ ಬಾಡಿಗೆ, ಹಾಗಿರುವಾಗ ಸ್ಪೀಕರ್ ಬದಲಾಯಿಸುವ, ಸೀಟು ಹೊಲಿಸುವ, ಟಾಯ್ಲೆಟ್ ತೊಳೆಸುವ ಉತ್ಸಾಹ ಎಲ್ಲಿಂದ ಬರಬೇಕು? ಟಾಯ್ಲೆಟ್ ಸರಿ ಇಲ್ಲ ಅಂದರೆ ಹೆಂಗಸರು ಬರುವುದಿಲ್ಲ, ಹೆಂಗಸರು ಬರದಿದ್ದರೆ ಮನೆಮಂದಿ ಬರುವುದಿಲ್ಲ. ಮಾಲೀಕರು ಶೇಕಡಾವಾರು ಬೇಕು ಅಂತ ಕೇಳುತ್ತಿರುವುದು ನ್ಯಾಯ ಅಂತಲೇ ನನಗೆ ಅನಿಸುತ್ತದೆ, ಆದರೆ ಅದರ ಜೊತೆಗೆ ಥಿಯೇಟರ್ ರಿಪೇರಿ ಮಾಡಿಸುವ ಜವಾಬ್ದಾರಿಯನ್ನೂ ಅವರು ಒಪ್ಪಿಕೊಳ್ಳಬೇಕು.

ರೇಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2025ರ ಕೊನೆಗೆ ಕನ್ನಡದ ದೊಡ್ಡ ಸಿನಿಮಾಗೆ ಕೋರ್ಟ್ ಆದೇಶ ತಂದು ಟಿಕೆಟ್ ಆ್ಯಪ್‌ನಲ್ಲಿ ರೇಟಿಂಗನ್ನೇ ನಿಲ್ಲಿಸಿದ್ದನ್ನು ನೋಡಿದೆವು. ನೋಡದೆಯೇ ಒಂದು ಸ್ಟಾರ್ ಒತ್ತುವವರು ಇದ್ದಾರೆ, ದುಡ್ಡು ತೆಗೆದುಕೊಂಡು ಹತ್ತಕ್ಕೆ ಹತ್ತು ಕೊಡುವವರೂ ಇದ್ದಾರೆ. ಅದಕ್ಕೆ ನಾನು ಸಿನಿಮಾಗೆ ಹೋಗುವ ಮೊದಲು ನೋಡಿ ಬಂದ ಪರಿಚಯದವರನ್ನೇ ಕೇಳುತ್ತೇನೆ. ಎಲ್ಲಿ ನೋಡಿದಿರಿ, ಯಾವ ಶೋ, ಜನ ಎಷ್ಟಿದ್ದರು, ಸೌಂಡ್ ಹೆಂಗಿತ್ತು? ಇಷ್ಟು ಕೇಳಿದರೆ ಅವರ "ಚೆನ್ನಾಗಿದೆ"ಗೆ ಒಂದು ತೂಕ ಬರುತ್ತದೆ. ನೀವು ಯಾರಿಗಾದರೂ ಹೇಳುವಾಗಲೂ ಥಿಯೇಟರಿನ ಹೆಸರು ಸೇರಿಸಿ ಹೇಳಿ. ಪರದೆ ಮಂಕಾಗಿದ್ದರೆ, ಮಾತು ಕೇಳದಿದ್ದರೆ ಇಂಟರ್ವಲ್‌ನಲ್ಲಿ ಹೋಗಿ ಮ್ಯಾನೇಜರಿಗೆ ಹೇಳಿ. ಎಷ್ಟೋ ಸಲ ಆಪರೇಟರ್ ಒಂದು ಗುಂಡಿ ತಿರುಗಿಸಿದರೆ ಸೆಕೆಂಡ್ ಹಾಫ್ ಸರಿಯಾಗಿ ಕೇಳಿಸುತ್ತದೆ. ಯಾರೂ ಹೇಳಲ್ಲ, ಅದಕ್ಕೆ ಅವರಿಗೂ ಗೊತ್ತಾಗಲ್ಲ.

ನನ್ನ ಮಾತು ಇಷ್ಟು. ಇಲ್ಲಿ ಬೇರೆ ಬೇರೆ ಊರಿನಿಂದ ಬಂದವರಿದ್ದೀರಿ. ನಿಮ್ಮೂರಲ್ಲಿ ಯಾವ ಥಿಯೇಟರ್ ಇನ್ನೂ ನಡೆಯುತ್ತಿದೆ, ಅಲ್ಲಿ ಪರದೆ ಹೇಗಿದೆ, ಕೊನೆಯದಾಗಿ ಯಾವ ಸಿನಿಮಾಗೆ ಹೌಸ್‌ಫುಲ್ ಬೋರ್ಡ್ ಹಾಕಿದ್ದರು, ಅದನ್ನು ಕೇಳಬೇಕು ಅಂತ ನನಗೆ ಆಸೆ. ಮೈಕು ಹಿಂದಿನ ಸಾಲಿಗೆ ಕೊಡಿ, ಮೊದಲು ಅಲ್ಲಿಂದಲೇ ಶುರು ಮಾಡೋಣ.