ಒಂಟೆಸಳಿನ ಡೇರೆ ಕೀಳಬೇಡಿ

ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಮನೆ. ಶ್ರಾವಣ ಬಂತೆಂದರೆ ಅಂಗಳದ ತುಂಬಾ ಡೇರೆ ಹೂ. ಪೇಟೆಯವರು ಡೇಲಿಯಾ ಅನ್ನುತ್ತಾರೆ, ನಮಗೆ ಅದು ಡೇರೆ. ಮಳೆ ಹಿಡಿಯುವ ಮೊದಲೇ ಗೆಡ್ಡೆ ನೆಡಬೇಕು, ಅಡಿಕೆ ದಬ್ಬೆ ಊರಿ ಕಟ್ಟಬೇಕು, ಬಸವನಹುಳ ಕಾಯಬೇಕು. ಹೂ ಬಿಟ್ಟ ಮೇಲೆ ಪಕ್ಕದ ಮನೆಯವರನ್ನು ಕಾಫಿಗೆ ಕರೆಯಬೇಕು. ಕಾಫಿ ಬರೀ ನೆಪ ಬಿಡಿ.

ಹೋದ ವರ್ಷ ಅಂಗಳದ ಮೂಲೆಯಲ್ಲಿ ತಾನಾಗಿ ಒಂದು ಗಿಡ ಹುಟ್ಟಿತ್ತು. ಬೀಜ ಬಿದ್ದು ಬಂದದ್ದು. ಒಂದೇ ಸುತ್ತು, ಎಂಟೇ ಎಸಳು, ನಡುವೆ ಹಳದಿ ಬೊಟ್ಟು. ಅತ್ತಿಗೆ ನೋಡಿದರು. "ಅಯ್ಯೋ, ಒಂಟೆಸಳು ಮಾರಾಯ, ಜಾಗ ದಂಡ" ಅಂದರು. ಕಿತ್ತು ಗೊಬ್ಬರಗುಂಡಿಗೆ ಎಸೆದರು. ನನಗೆ ಹೊಟ್ಟೆ ಉರಿದುಹೋಯಿತು.

ಯಾಕೆಂದರೆ ಡೇರೆಯ ಮುತ್ತಜ್ಜಿಯ ಮುಖ ಅದು. ಮೆಕ್ಸಿಕೋದ ಗುಡ್ಡಗಳಲ್ಲಿ ಕಾಡು ಡೇರೆ ಇವತ್ತಿಗೂ ಹೀಗೇ ಅರಳುತ್ತದೆ. ಅಲ್ಲಿಂದ 1789ರಲ್ಲಿ ಬೀಜ ಸ್ಪೇನಿನ ಮ್ಯಾಡ್ರಿಡ್‌ಗೆ ಹೋಯಿತು. ಕವನಿಲ್ಯೆಸ್ ಎಂಬ ಸಸ್ಯವಿಜ್ಞಾನಿ 1791ರಲ್ಲಿ ಅದಕ್ಕೆ ಸ್ವೀಡನ್ನಿನ ಇನ್ನೊಬ್ಬ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಹೆಸರಿಟ್ಟರು. ಪಾಪ, ಡಾಲ್ ಅಷ್ಟರಲ್ಲಿ ತೀರಿಹೋಗಿದ್ದರು.

ಈಗ ಒಂದು ಡೇರೆ ಹೂ ಕಿತ್ತು ನೋಡಿ. ಅದು ಒಂದು ಹೂವಲ್ಲ, ಸೂರ್ಯಕಾಂತಿಯ ಹಾಗೆ ಹೂವಿನ ಗುಂಪು. ಸುತ್ತಲಿನ ಒಂದೊಂದು ಎಸಳೂ ಒಂದು ಹೂ, ನಡುವಿನ ಹಳದಿ ಚುಕ್ಕೆಗಳೂ ಹೂಗಳೇ. ಕೆಲವು ಗಿಡಗಳಲ್ಲಿ ನಡುವಿನ ಚುಕ್ಕೆಗಳು ತಾವೂ ಎಸಳಾಗಿಬಿಡುತ್ತವೆ. ಯುರೋಪಿನವರು ಅಂಥ ಗಿಡಗಳನ್ನೇ ಆರಿಸಿದರು. ಅವುಗಳ ಬೀಜ ಬಿತ್ತಿ, ಮತ್ತೆ ಆರಿಸಿದರು. ನಾವು ಮುಡಿಯುವ ದಪ್ಪ ಡೇರೆ ಬಂದದ್ದು ಹಾಗೆ. ಜೇನಿಗೆ ಮಾತ್ರ ನಷ್ಟ, ತುಂಬಿದ ಹೂವಿನೊಳಗೆ ಅದಕ್ಕೆ ದಾರಿಯೇ ಸಿಗುವುದಿಲ್ಲ.

ಇನ್ನೊಂದು ವಿಷಯ. ಹೆತ್ತವರ ಗುಣ ಹೊತ್ತು ತರುವ ವರ್ಣತಂತುಗಳು ನಮ್ಮಲ್ಲಿ ಒಂದೊಂದು ಬಗೆಗೆ ಎರಡೆರಡು. ತೋಟದ ಡೇರೆಯಲ್ಲಿ ಎಂಟೆಂಟು, ಒಟ್ಟು 64. ಅದಕ್ಕೇ ಒಂದೇ ಹೂವಿನ ಹತ್ತು ಬೀಜ ಬಿತ್ತಿದರೆ ಹತ್ತು ಥರದ ಗಿಡ. ಬಣ್ಣ ಬೇರೆ, ಆಕಾರ ಬೇರೆ. ನೀಲಿ ಒಂದು ಬಿಟ್ಟು ಏನು ಬೇಕಾದರೂ ಬರಬಹುದು.

ಗೆಡ್ಡೆಯಲ್ಲಿ ಈ ಆಟ ಇಲ್ಲ. ಗೆಡ್ಡೆ ಅಂದರೆ ಅದೇ ಗಿಡ. ಅಮ್ಮ ತವರಿಂದ ತಂದ ಗೆಡ್ಡೆ, ಅವರು ಚಿಕ್ಕಮ್ಮನಿಗೆ ಕೊಟ್ಟದ್ದು, ಚಿಕ್ಕಮ್ಮ ತೀರ್ಥಹಳ್ಳಿಗೆ ಕಳಿಸಿದ್ದು, ಎಲ್ಲಾ ಒಂದೇ ಗಿಡದ ತುಂಡುಗಳು. ಈ ಕೊಡುಕೊಳ್ಳುವಿಕೆ ನನಗೆ ಇಷ್ಟ. ಆದರೆ ಇಷ್ಟು ವರ್ಷ ಡೇರೆ ಸಾಕಿದ ಮಲೆನಾಡಿನ ಹೆಂಗಸರು ಹೊಸ ಬಣ್ಣ ಬೇಕೆಂದರೆ ಈಗ ಮೊಬೈಲ್ ತೆಗೆಯುತ್ತಾರೆ. ನಾನೂ ತರಿಸಿದ್ದೇನೆ. ಕೊರಿಯರ್‌ನಲ್ಲಿ ಐದು ಗೆಡ್ಡೆ ಬಂತು, ಎರಡು ಕೊಳೆತಿದ್ದವು, ಮೂರಕ್ಕೆ ಕಣ್ಣೇ ಇರಲಿಲ್ಲ. ಕಾಂಡಕ್ಕೆ ಸೇರುವ ಕುತ್ತಿಗೆಯ ಹತ್ತಿರ ಕಣ್ಣಿಲ್ಲದಿದ್ದರೆ ಆ ಗೆಡ್ಡೆ ಮೊಳೆಯುವುದಿಲ್ಲ. ಮಾರಿದವರು ಫೋನ್ ಎತ್ತಲಿಲ್ಲ.

ಕೊಳೆತ ಗೆಡ್ಡೆ ಅಂದಾಗ ನೆನಪಾಯಿತು. 1872ರಲ್ಲಿ ಮೆಕ್ಸಿಕೋದಿಂದ ಹಾಲೆಂಡಿಗೆ ಒಂದು ಪೆಟ್ಟಿಗೆ ಹೋಯಿತು. ಒಳಗಿನ ಗೆಡ್ಡೆಯೆಲ್ಲಾ ಕೊಳೆತು ಉಳಿದದ್ದು ಒಂದೇ. ಆ ಒಂದನ್ನು ನೆಟ್ಟರು. ಚೂಪು ಎಸಳಿನ ಕೆಂಪು ಹೂ ಬಂತು. ಅದನ್ನು ಬೇರೆ ಡೇರೆಗಳ ಜೊತೆ ಕೂಡಿಸಿ ಬೀಜ ಮಾಡಿದರು. ಇವತ್ತಿನ ಕ್ಯಾಕ್ಟಸ್ ಡೇಲಿಯಾಗಳ ಮೂಲ ಅದೇ. ಹಾಲೆಂಡಿನಲ್ಲಿ ಈಗ ಗೆಡ್ಡೆಗೆಂದೇ ಹೊಲಗಟ್ಟಲೆ ಡೇರೆ ಬೆಳೆಯುತ್ತಾರೆ.

ನಾನು ಹೇಳುವುದಿಷ್ಟೇ. ಮಳೆ ಬಿಟ್ಟ ಮೇಲೆ ಅರಳುವ ಹೂಗಳಲ್ಲಿ ನಾಲ್ಕನ್ನು ಮುಡಿಯದೆ ಗಿಡದಲ್ಲೇ ಒಣಗಲು ಬಿಡಿ. ಮಳೆಯ ನಡುವಿನ ಹೂ ಬೇಡ, ಕೊಳೆಯುತ್ತದೆ. ಬೀಜ ತೆಗೆದಿಟ್ಟು ಮುಂದಿನ ವರ್ಷ ಬಿತ್ತಿ. ಜಾಸ್ತಿ ಗಿಡ ಸಾಧಾರಣವಾಗೇ ಇರುತ್ತವೆ, ಸುಳ್ಳು ಹೇಳುವುದಿಲ್ಲ. ಒಂದು ಚೆನ್ನಾಗಿ ಬಂದರೆ ಅದರ ಗೆಡ್ಡೆ ಉಳಿಸಿ. ಹೆಸರು ನೀವೇ ಇಡಿ, ಅಲ್ವಾ?

ಈ ಸಲ ಅತ್ತಿಗೆ ಒಂದು ಒಂಟೆಸಳಿಗೆ ದಬ್ಬೆ ಕಟ್ಟಿದ್ದಾರೆ. ಬಾವಿಕಟ್ಟೆಯ ಹಿಂದೆ, ಬಂದವರಿಗೆ ಕಾಣದ ಹಾಗೆ.