ವಿಡಿಯೋ ಗೇಮ್ ಮುಳುಗಿತು ಅನ್ನುವವರ ಲೆಕ್ಕ ಎಲ್ಲಿ ತಪ್ಪುತ್ತೆ

ಕೇಳುಗರಿಗೆ ನಮಸ್ಕಾರ.

2001-02ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿದ್ದು ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಬೆಳೆಗಾರರಿಗೆ ಮರೆತಿರಲಾರದು. ಆಗ ಜಗತ್ತಿನಲ್ಲಿ ಕಾಫಿ ಕುಡಿಯುವವರೇನೂ ಕಡಿಮೆಯಾಗಿರಲಿಲ್ಲ. ವಿಯೆಟ್ನಾಂನವರು ಹತ್ತು ವರ್ಷದಲ್ಲಿ ವಿಪರೀತ ಬೆಳೆದು ಸುರಿದಿದ್ದರು, ಗೋದಾಮು ತುಂಬಿತ್ತು. ನಷ್ಟ ನಿಜ, ಸಾಲ ನಿಜ. ಕಾಫಿ ಮಾತ್ರ ಹೋಗಲಿಲ್ಲ. ವಿಡಿಯೋ ಗೇಮ್ ಉದ್ಯಮದ ಕಥೆ ಮುಗಿಯಿತು ಅಂತ ಪತ್ರಿಕೆಯಲ್ಲಿ ಓದಿದಾಗಲೂ ಕೇಳಬೇಕಾದ ಪ್ರಶ್ನೆ ಅದೇ. ಆಡುವವರು ಕಡಿಮೆಯಾದರೋ, ಗೋದಾಮು ತುಂಬಿತೋ?

ಅಮೆರಿಕದಲ್ಲಿ 1983ರಲ್ಲಿ ತುಂಬಿದ್ದು ಗೋದಾಮು. ಟಿವಿಗೆ ಜೋಡಿಸಿ ಆಡುವ ಅಟಾರಿ ಯಂತ್ರಕ್ಕೆ ಯಾರು ಬೇಕಾದರೂ ಕಾರ್ಟ್ರಿಜ್, ಅಂದರೆ ಆಟ ತುಂಬಿದ ಡಬ್ಬಿ, ಮಾಡಿ ಮಾರಬಹುದಿತ್ತು. ಇ.ಟಿ. ಸಿನಿಮಾದ ಹೆಸರಿನ ಆಟವನ್ನು ಕ್ರಿಸ್‌ಮಸ್ ಮಾರಾಟಕ್ಕೆ ಸಿಗಲಿ ಅಂತ ಒಬ್ಬನೇ ಪ್ರೋಗ್ರಾಮರ್ ಕೈಲಿ ಐದೇ ವಾರದಲ್ಲಿ ಬರೆಸಿದರು. ಆ ಪಾತ್ರ ಗುಂಡಿಗೆ ಬೀಳೋದು, ಏಳೋದು, ಮತ್ತೆ ಬೀಳೋದು. ಮಾರಾಟವಾಗದೆ ಉಳಿದದ್ದನ್ನು ಅಂಗಡಿಯವರು ವಾಪಸ್ ಕಳಿಸೋಣವೆಂದರೆ ಎಷ್ಟೋ ಸಣ್ಣ ಕಂಪನಿಗಳು ಆಗಲೇ ಬಾಗಿಲು ಹಾಕಿದ್ದವು. ಕೊನೆಗೆ ಸಿಕ್ಕ ಬೆಲೆಗೆ ಬುಟ್ಟಿಯಲ್ಲಿ ಸುರಿದು ಮಾರಿದರು, ಒಳ್ಳೆಯ ಆಟವೂ ಅದೇ ಬುಟ್ಟಿಗೆ ಬಿತ್ತು. 300 ಕೋಟಿ ಡಾಲರಿಗೂ ಮೀರಿದ್ದ ವಹಿವಾಟು 1985ರ ಹೊತ್ತಿಗೆ 10 ಕೋಟಿಯ ಆಸುಪಾಸಿಗೆ ಇಳಿಯಿತು. ಉಳಿದ ಕಾರ್ಟ್ರಿಜ್‌ಗಳಲ್ಲಿ ಒಂದಷ್ಟನ್ನು ನ್ಯೂ ಮೆಕ್ಸಿಕೋದ ಅಲಮಗೋರ್ಡೋದಲ್ಲಿ ಹೂತರು. 2014ರಲ್ಲಿ ಅಗೆದು ತೆಗೆದದ್ದೂ ಆಯಿತು.

ಆದರೆ ಅದೇ 1983ರ ಜುಲೈನಲ್ಲಿ ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನೋ ಆಟದ ಯಂತ್ರ ಬಂತು, ಚೆನ್ನಾಗಿಯೇ ಓಡಿತು. 1985ರಲ್ಲಿ ಅದನ್ನು ಅಮೆರಿಕಕ್ಕೆ ತರುವಾಗ ಯಂತ್ರದೊಳಗೊಂದು, ಕಾರ್ಟ್ರಿಜ್ ಒಳಗೊಂದು ಚಿಪ್ ಇಟ್ಟರು. ಎರಡೂ ತಾಳೆಯಾಗದಿದ್ದರೆ ಆಟ ಶುರುವೇ ಆಗದು. ಪರವಾನಗಿ ಪಡೆದ ಕಂಪನಿಗೂ ವರ್ಷಕ್ಕೆ ಐದೇ ಆಟ ಅಂತ ಮಿತಿ. ಗೋದಾಮಿಗೆ ಬೀಗ ಬಿತ್ತು, ವ್ಯಾಪಾರ ಚಿಗುರಿತು.

ಈಗಲೂ ಸರಕು ವಿಪರೀತವೇ. ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯೊಂದರಲ್ಲೇ 2024ರಲ್ಲಿ 18 ಸಾವಿರಕ್ಕೂ ಹೆಚ್ಚು ಹೊಸ ಆಟ ಬಂದವು. ಆದರೆ ಮಾರಾಟವಾಗದ ಆಟ ಈಗ ಯಾರ ಅಂಗಡಿಯಲ್ಲೂ ಕೊಳೆಯುವುದಿಲ್ಲ. ಕೊಂಡವರಿಗೆ ಹಿಡಿಸದಿದ್ದರೆ, ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆ ದಾಟಿರದಿದ್ದರೆ ದುಡ್ಡು ವಾಪಸ್. ಕೆಟ್ಟ ಆಟದ ನಷ್ಟ ಅದನ್ನು ಮಾಡಿದವರ ತಲೆಗೆ ಬೀಳುತ್ತೆ, ಪಕ್ಕದವರ ಒಳ್ಳೆಯ ಆಟದ ಬೆಲೆ ಬೀಳಿಸುವುದಿಲ್ಲ.

ಹಾಗಾದರೆ 2023, 2024ರಲ್ಲಿ ಗೇಮ್ ಕಂಪನಿಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡದ್ದು ಯಾಕೆ? ಕೋವಿಡ್ ಕಾಲದಲ್ಲಿ ಮನೆಯಲ್ಲೇ ಕೂತ ಜನರ ಆಟ ನೋಡಿ, ಅದು ಹಾಗೇ ಇರುತ್ತೆ ಅಂತ ನಂಬಿ ಕಂಪನಿಗಳು ಅಗ್ಗದ ಬಡ್ಡಿಯ ಹಣದಲ್ಲಿ ಜನರನ್ನು ತುಂಬಿಕೊಂಡವು. ಜೊತೆಗೆ ದೊಡ್ಡ ಆಟದ ಖರ್ಚು ಕೈಮೀರಿತು. ಸೋನಿ ಕಂಪನಿ 2023ರಲ್ಲಿ ಅಮೆರಿಕದ ಕೋರ್ಟಿಗೆ ಕೊಟ್ಟ ದಾಖಲೆಯಲ್ಲಿ ಒಂದೇ ಆಟಕ್ಕೆ ತಗುಲಿದ ಖರ್ಚು 22 ಕೋಟಿ ಡಾಲರ್. ಅದೇ ಕಂಪನಿಯ ಕಾನ್‌ಕಾರ್ಡ್ ಅನ್ನೋ ಆಟ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಬಂದ್ ಆಯಿತು. ಅದೇ ವರ್ಷ ಕೆನಡಾದ ಒಬ್ಬ, ಇಸ್ಪೀಟು ಎಲೆಗಳ ಲೆಕ್ಕಾಚಾರದ ಮೇಲೆ ಬಾಲಾಟ್ರೋ ಅನ್ನೋ ಆಟ ಮಾಡಿ ಬಿಟ್ಟ. ವರ್ಷ ತುಂಬುವ ಮೊದಲೇ 50 ಲಕ್ಷ ಪ್ರತಿ ಹೋಯಿತು. ಹೆಸರು ಕೂಡ ಹೇಳಿಕೊಳ್ಳದ ಮನುಷ್ಯ ಅವನು.

ನಮ್ಮಲ್ಲಿ ಇನ್ನೊಂದು ಗೊಂದಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಭಾರತದ ಗೇಮಿಂಗ್ ಆದಾಯದಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿದ್ದರಿಂದ, ಎಲ್ಲಾ ಮುಗಿಯಿತು ಅನ್ನೋ ಮಾತು ಹುಟ್ಟಿತು. ಅದು ಜೂಜಿನ ಮುಗ್ಗಟ್ಟು. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನೋ ಗೇಮ್ ಪಂದ್ಯಾವಳಿಗಳಿಗೂ ಸಾಮಾನ್ಯ ಆಟಗಳಿಗೂ ಬೇರೆ ಜಾಗ ಕೊಟ್ಟಿದೆ.

ಈ ಉದ್ಯಮ ಉಳಿಯುತ್ತೆ ಅನ್ನೋದಕ್ಕೆ ನಾನು ಕೊಡುವ ದೊಡ್ಡ ಕಾರಣ, ಆಟ ಮಾಡುವ ಸಲಕರಣೆ ಅಗ್ಗವಾಗಿರೋದು. ಹಾಸನದ ಇಬ್ಬರು ವಿದ್ಯಾರ್ಥಿಗಳು ಚೌಕಾಬಾರವನ್ನು ಮೊಬೈಲಿಗೆ ತರಬೇಕು ಅಂದುಕೊಳ್ಳಿ. ಆಟ ಕಟ್ಟುವ ತಂತ್ರಾಂಶ ಗೊಡೋ ಎಂಜಿನ್‌ಗೆ ಕಾಸಿಲ್ಲ, ಗಳಿಕೆಯಲ್ಲಿ ಪಾಲೂ ಕೇಳೋದಿಲ್ಲ. ಐದೈದರ ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಇದು ಹದಿನೈದು ದಿನದ ಕೆಲಸ.

ಮೊದಲ ಎಡವಟ್ಟು ಕವಡೆಯಲ್ಲೇ ಆಗುತ್ತೆ. ಬೀಳುವ ಲೆಕ್ಕ ಐದು ಬಗೆ: ಒಂದು, ಎರಡು, ಮೂರು, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಹೊಸಬರು ಐದರಲ್ಲಿ ಒಂದನ್ನು ಆರಿಸು ಅಂತ ಕೋಡ್ ಬರೆದುಬಿಡುತ್ತಾರೆ. ಆಟ ಅಲ್ಲಿಗೆ ಕೆಟ್ಟಿತು. ನಾಲ್ಕು ಕವಡೆ, ಒಂದೊಂದಕ್ಕೆ ಎರಡು ಮಗ್ಗುಲು, ಒಟ್ಟು 16 ರೀತಿ. ಅದರಲ್ಲಿ ಒಂದು ಬೀಳೋದು 4 ರೀತಿ, ಎರಡು 6, ಮೂರು 4, ಚೌಕ ಒಂದೇ, ಬಾರಾ ಒಂದೇ. ಚೌಕ, ಬಾರಾ ಬಿದ್ದರೆ ಇನ್ನೊಂದು ಸಲ ಹಾಕುವ ಹಕ್ಕು ತಾನೇ? ಸರಿಯಾದ ಲೆಕ್ಕದಲ್ಲಿ ಅದು ಎಂಟು ಸಲಕ್ಕೊಮ್ಮೆ ಬರಬೇಕು. ಹೊಸಬರ ಕೋಡಿನಲ್ಲಿ ಐದಕ್ಕೆರಡು ಸಲ ಬರುತ್ತೆ. ಒಬ್ಬರೇ ಹಾಕುತ್ತಾ ಹೋಗುತ್ತಾರೆ, ಎದುರಿನವರು ಆಕಳಿಸುತ್ತಾರೆ. ನಾಲ್ಕು ಕವಡೆಯನ್ನು ಕೋಡಿನಲ್ಲೂ ಬೇರೆಬೇರೆಯಾಗಿಯೇ ಎಸೆಯಿರಿ, ಅಂಗಾತ ಬಿದ್ದವನ್ನು ಕೂಡಿಸಿ, ಸೊನ್ನೆ ಬಂದರೆ ಎಂಟು ಕೊಡಿ.

ಇನ್ನೂ ಹದ ಬೇಕಿದ್ದರೆ ಮನೆಯ ಕವಡೆ ತೆಗೆದುಕೊಳ್ಳಿ. ಅದು ನಾಣ್ಯದ ಹಾಗೆ ಸಮ ಅಲ್ಲ, ಬೆನ್ನು ಉಬ್ಬಿರುತ್ತೆ. ಒಂದೇ ಕವಡೆಯನ್ನು ಇನ್ನೂರು ಸಲ ಹಾಕಿ ಎಷ್ಟು ಸಲ ಅಂಗಾತ ಬಿತ್ತು ಬರೆದಿಡಿ. ಎಂಬತ್ತು ಬಿತ್ತು ಅನ್ನಿ: ಬಾರಾ ಎಂಟಕ್ಕೊಂದು ಸಲ ಬರುತ್ತೆ, ಚೌಕ ಸುಮಾರು ನಲವತ್ತಕ್ಕೊಂದು. ಅಜ್ಜಿಯರು ಫೋನಿನ ಆಟ ನೋಡಿ ‘ಇದು ನಮ್ಮ ಕವಡೆ ಬೀಳೋ ಹಾಗೆ ಬೀಳಲ್ಲ’ ಅನ್ನೋದು ಸುಮ್ಮನೆ ಅಲ್ಲ.

ಎರಡನೇ ತೊಡಕು ಒತ್ತಕ್ಷರ. ‘ಹಾಸನ’ ಬರೆದು ನೋಡಿ ಸರಿಯಿದೆ ಅಂತ ಬಿಟ್ಟುಬಿಡುತ್ತಾರೆ. ‘ಚಿಕ್ಕಮಗಳೂರು’ ಬರೆದಾಗ ಕ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತಿರುತ್ತೆ. ಗೊಡೋ ಮೂರನೇ ಆವೃತ್ತಿಯಲ್ಲಿ ಭಾರತೀಯ ಲಿಪಿ ಜೋಡಿಸುವ ವ್ಯವಸ್ಥೆಯೇ ಇರಲಿಲ್ಲ, ನಾಲ್ಕರಲ್ಲಿ ಇದೆ. ಕನ್ನಡ ಫಾಂಟನ್ನು ಆಟದ ಜೊತೆಗೇ ಸೇರಿಸಿ, ಫೋನಿನಲ್ಲಿರುವುದನ್ನು ನಂಬಬೇಡಿ.

ಮೂರನೆಯದು ನೆಟ್‌ವರ್ಕ್. ಗುಂಡು ಹಾರಿಸುವ ಆಟಕ್ಕೆ ಸೆಕೆಂಡಿಗೆ ಹತ್ತಾರು ಸಲ ಮಾಹಿತಿ ಹೋಗಿಬರಬೇಕು; ಸಿಗ್ನಲ್ ತಡವರಿಸಿದರೆ ನೀವು ಹೊಡೆಯುವ ಹೊತ್ತಿಗೆ ಎದುರಿನವರು ಅಲ್ಲಿರೋದಿಲ್ಲ. ಚೌಕಾಬಾರದಲ್ಲಿ ಒಂದು ನಡೆಗೆ ಒಂದು ಸಂದೇಶ ಸಾಕು. ಮಳೆಗಾಲದಲ್ಲಿ ಮಲೆನಾಡಿನ ಕಡೆ ಕರೆಂಟು ಹೋದ ಮೇಲೆ ಟವರ್ ಎಷ್ಟು ಹೊತ್ತು ನಿಲ್ಲುತ್ತೋ ನಿಮಗೇ ಗೊತ್ತು. ಆದ್ದರಿಂದ ಕಾಯಿಗಳ ಜಾಗವನ್ನು ಸರ್ವರಿನಲ್ಲಿ ಉಳಿಸಿ. ಸಂಪರ್ಕ ಕಡಿದವರಿಗೆ ಒಂದು ನಿಮಿಷ ಜಾಗ ಕಾದಿಡಿ, ಆಮೇಲೆ ಕಂಪ್ಯೂಟರ್ ಅವರ ಪರವಾಗಿ ಆಡಲಿ. ಚಿತ್ರ ಸೆಕೆಂಡಿಗೆ 60 ಸಲ ಬದಲಾಗಬೇಕಿಲ್ಲ, 30 ಸಾಕು, ಫೋನೂ ಬಿಸಿಯಾಗದು.

ಇನ್ನು ಪ್ಲೇ ಸ್ಟೋರ್. ಒಂದು ಸಲ 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯಾದರೆ, ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಜನ 14 ದಿನ ಬಿಡದೆ ಪರೀಕ್ಷೆಯಲ್ಲಿ ಇರಬೇಕು. ಸರಿಯಾಗಿ ಹನ್ನೆರಡೇ ಜನರನ್ನು ಸೇರಿಸಿಕೊಂಡವರು ಹತ್ತನೇ ದಿನ ಒಬ್ಬರು ಹೊರಗೆ ಹೋದಾಗ ಸಿಕ್ಕಿಬೀಳುತ್ತಾರೆ. ಹದಿನೈದು, ಹದಿನಾರು ಜನ ಇರಲಿ. ಅದರಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಆಡಿದ ಹಿರಿಯರು ನಾಲ್ಕೈದು ಮಂದಿಯಾದರೂ ಇರಲಿ. ಫೋನ್ ಕೈಗೆ ಕೊಟ್ಟು ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂರಿ. ಅವರ ಬೆರಳು ಎಲ್ಲಿ ತಡೆದು ನಿಂತಿತೋ, ಮಾರನೇ ದಿನ ತಿದ್ದಬೇಕಾದ ಜಾಗ ಅದು.

ನಮಸ್ಕಾರ.